ನಾಗೇರ್‌ಬಜಾರಿನ ಮೆಕ್ಸಿಕೋ

ಕೋಲ್ಕತ್ತದ ಮನೆಗಳಲ್ಲಿ ರಾತ್ರಿಯೂಟಕ್ಕೆ ತಟ್ಟೆ ಇಡುವುದು ಹತ್ತರ ಸುಮಾರಿಗೆ. ಹಾಗಾಗಿ ಸಂಜೆ ಆರರಿಂದ ಒಂಬತ್ತರವರೆಗೆ ಊರಿಗೆ ಊರೇ ಏನನ್ನಾದರೂ ಮೆಲ್ಲುತ್ತಿರುತ್ತದೆ. ಡಮ್ ಡಮ್ ಮೆಟ್ರೋದಲ್ಲಿಳಿದು ಶೇರ್ ಆಟೋ ಹಿಡಿದು ನಾಗೇರ್‌ಬಜಾರಿನ ಕಡೆ ಬಂದರೆ ಎಡಕ್ಕೆ ಫುಚ್ಕಾ, ಬಲಕ್ಕೆ ತೇಲೇಭಾಜಾ, ಹತ್ತು ಹೆಜ್ಜೆಗೊಂದು ಮೊಟ್ಟೆ ರೋಲು. ಇಂಥ ಬೀದಿಯಲ್ಲಿ ಯಾರೋ ಪುಣ್ಯಾತ್ಮ ಮೆಕ್ಸಿಕನ್ ಹೋಟೆಲು ತೆಗೆದಿದ್ದಾನೆ. ಅದೂ ರೋಲಿನ ಅಂಗಡಿಯ ಎದುರಿಗೇ. ಧೈರ್ಯ ಅಂದರೆ ಇದು.

ವರ್ಗವಾಗಿ ಈ ಊರಿಗೆ ಬಂದವನಿಗೆ ಸಂಜೆ ಹೊತ್ತು ಕಳೆಯಲು ಒಂದು ಮೂಲೆ ಬೇಕಲ್ಲ. ನನಗೆ ಸಿಕ್ಕಿದ್ದು ಇಲ್ಲಿಯ ಮೂಲೆ ಮೇಜು. ಗೋಡೆಯ ಮೇಲೆ ಅಗಲ ಟೋಪಿ, ಕಳ್ಳಿಗಿಡ, ಅವುಗಳ ನಡುವೆ ಫ್ರಿಡಾ ಕಾಲೋ. ಅವಳ ಕೂಡುಹುಬ್ಬಿನ ಕೆಳಗೇ ಕೈ ತೊಳೆಯುವ ಬೇಸಿನ್ನು. ಬಾಯಿ ಮುಕ್ಕಳಿಸುವವರನ್ನು ಆಕೆ ದುರುಗುಟ್ಟಿಕೊಂಡೇ ಇರುತ್ತಾಳೆ.

ನಾನು ನೋಡುವುದು ಹೆಚ್ಚಾಗಿ ಮಾಣಿಯನ್ನು. ಸುಂದರಬನದ ಗೋಸಾಬಾ ಕಡೆಯ ಹುಡುಗ, ಇಪ್ಪತ್ತು ದಾಟಿರಲಾರದು. ಮೆನು ಹಿಡಿದ ಗಿರಾಕಿಗಳ ನಾಲಿಗೆ ತೊಡರುವುದನ್ನು ದಿನಾ ಕಾಣುತ್ತಾನೆ. ಒಬ್ಬಾಕೆ ‘ಟಾರ್ಟಿಲ್ಲಾ’ ಎನ್ನುತ್ತಾಳೆ, ಅವಳ ಗಂಡ ‘ಕ್ವೆಸಡಿಲ್ಲಾ’ ಎನ್ನುತ್ತಾನೆ, ಇನ್ಯಾರೋ ಬೆರಳಿಟ್ಟು ‘ಇದೇ’ ಎಂದು ಬಚಾವಾಗುತ್ತಾರೆ. ಆರ್ಡರು ಬರೆದುಕೊಂಡು ತಿರುಗಿ ಓದಿ ಹೇಳುವಾಗ ಹುಡುಗ ಟಾರ್ಟಿಲ್ಲಾ ಅಂದವಳಿಗೆ ಟಾರ್ಟಿಲ್ಲಾ ಎಂದೇ ಹೇಳುತ್ತಾನೆ. ಪಕ್ಕದ ಮೇಜಿನ ಕಾಲೇಜು ಹುಡುಗಿ ‘ಟೋರ್ಟಿಯಾ’ ಅಂದರೆ ಅವಳಿಗೆ ಟೋರ್ಟಿಯಾ. ಇದನ್ನು ಯಾವ ಹೋಟೆಲ್ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ ಕಲಿಸುತ್ತಾರೋ ಕಾಣೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ಮಾಣಿಗಳು ತೋಳುದ್ದಕ್ಕೂ ದೋಸೆ ತಟ್ಟೆ ಜೋಡಿಸಿಕೊಂಡು ಬರುವುದನ್ನು ನಾವೆಲ್ಲ ಬಾಯಿ ಬಿಟ್ಟು ನೋಡಿದ್ದೇವೆ. ಅದು ಕೈಯ ಕಸುಬು. ಎದುರಿಗಿದ್ದವರ ಮಾನ ಕಾಯುವ ಇವನದೂ ಕಸುಬೇ, ಆದರೆ ಯಾರೂ ಫೋಟೋ ತೆಗೆಯುವುದಿಲ್ಲ.

ಎಲ್ಲ ಮೇಜಿನಿಂದಲೂ ಬರುವ ಮೊದಲ ಪ್ರಶ್ನೆ ಒಂದೇ: ‘ಝಾಲ್ ಹೋಬೇ ನಾ ತೋ?’ ಖಾರ ಇರುವುದಿಲ್ಲ ತಾನೇ? ನನಗೆ ನಗು ಬರುತ್ತದೆ. ಡಮ್ ಡಮ್ ಎಂಬ ಹೆಸರು ಜಗತ್ತಿಗೆ ತಿಳಿದದ್ದೇ ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಯಿಂದ. 1890ರ ದಶಕದಲ್ಲಿ ಬ್ರಿಟಿಷರು ಇಲ್ಲಿ ತಯಾರಿಸಿದ, ಮೈಯೊಳಗೆ ಹೊಕ್ಕು ಅರಳಿಕೊಳ್ಳುವ ಗುಂಡು ಎಷ್ಟು ಘೋರವಾಗಿತ್ತೆಂದರೆ 1899ರ ಹೇಗ್ ಸಮ್ಮೇಳನ ಆ ಬಗೆಯ ಗುಂಡುಗಳನ್ನೇ ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ಅಂಥ ಡಮ್ ಡಮ್‌ನವರು ವಿನೆಗರಿನಲ್ಲಿ ನೆನೆದ ಹಾಲಪೆನ್ಯೋ ಮೆಣಸಿಗೆ ಹೆದರುವುದೆ! ಮಲೆನಾಡಿನ ಜೀರಿಗೆ ಮೆಣಸಿನ ಮುಂದೆ ಅದು ಹಾಲುಗಲ್ಲದ ಕೂಸು.

ಅಡುಗೆಯವನು ಹಿಂದೆ ಟಾಂಗ್ರಾದ ಚೈನೀಸ್ ಹೋಟೆಲಿನಲ್ಲಿದ್ದವನು. ಹಳೆಯ ಕೈ ಸುಮ್ಮನಿರುತ್ತದೆಯೆ? ಅವನ ಫಹೀತಾಗೆ ಚಿಲ್ಲಿ ಚಿಕನ್ನಿನ ವಾಸನೆ. ಟೋರ್ಟಿಯಾ ಮೈದಾದ್ದು, ಪ್ಯಾಕೆಟ್ಟಿನಲ್ಲಿ ಬರುತ್ತದೆ. ‘ಜೋಳದ್ದಲ್ಲ, ಮೋಸ’ ಎಂದು ಗೊಣಗುವ ಬಲ್ಲವರಿದ್ದಾರೆ. ನಾನು ಗೊಣಗುವುದಿಲ್ಲ, ಉತ್ತರ ಮೆಕ್ಸಿಕೋದಲ್ಲಿ ಗೋಧಿಯದೇ ರೂಢಿ. ಆದರೆ ಮೆಕ್ಕೆಜೋಳದ ಟೋರ್ಟಿಯಾದ ಹಿಂದಿರುವ ಜಾಣ್ಮೆಗೆ ಮಾತ್ರ ತಲೆಬಾಗಬೇಕು. ಅಲ್ಲಿಯ ಹೆಂಗಸರು ಸಾವಿರಾರು ವರ್ಷಗಳಿಂದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ರುಬ್ಬುತ್ತಾರೆ. ಕಾಳಿನಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದು ಆಗಲೇ. ಯುರೋಪಿನವರು ಜೋಳ ಒಯ್ದರು, ಸುಣ್ಣ ಮರೆತರು. ಅದನ್ನೇ ಹೊಟ್ಟೆತುಂಬ ಉಂಡ ಬಡವರಿಗೆ ಚರ್ಮ ಸುಲಿಯುವ ಪೆಲಾಗ್ರಾ ಬಂತು. ಎಲೆಯಡಿಕೆಗೆ ಸುಣ್ಣ ಹಚ್ಚುವ ನಾವಾದರೂ ಕೇಳಿ ತಿಳಿದುಕೊಂಡೆವೆ? ಅದೂ ಇಲ್ಲ.

ಏಳೂವರೆಗೆ ಕೊರಳಲ್ಲಿ ಗುರುತುಚೀಟಿ ನೇತುಹಾಕಿಕೊಂಡ ವಿಮಾನ ನಿಲ್ದಾಣದ ಹುಡುಗರು ಬಂದು ಗಬಗಬ ತಿಂದು ಹೋಗುತ್ತಾರೆ. ಅವರ ಬಗ್ಗೆ ಹೇಳುವಂಥದ್ದೇನಿಲ್ಲ, ಹಸಿದವರು. ಜೋಡಿಗಳು ಒಂದು ತಟ್ಟೆ ನಾಚೋ ಮುಂದಿಟ್ಟುಕೊಂಡು ಒಂದೂವರೆ ಗಂಟೆ ತೆಗೆಯುತ್ತಾರೆ. ಚೀಸು ಆರಿ ಚರ್ಮವಾದರೂ ಹುಡುಗ ಬಿಲ್ಲು ತಂದಿಡುವುದಿಲ್ಲ.

ಒಂದು ಸಂಜೆ ರಂಗೇರಿದ್ದು ಮೊಮ್ಮಗಳ ಜೊತೆ ಬಂದಿದ್ದ ಧೋತಿಯ ಅಜ್ಜನಿಂದ. ಬುರೀಟೋ ಬಂತು. ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಎದುರುಗಡೆಯ ರೋಲೇ ಅಲ್ಲವೇನಯ್ಯಾ?’ ಎಂದರು. ಹುಡುಗ ತಡವರಿಸದೆ ‘ಹೌದು ದಾದೂ, ಅವರದಕ್ಕೆ ರಾಜ್ಮಾ ಹಾಕೊಲ್ಲ, ಅಷ್ಟೆ’ ಎಂದ. ಅಜ್ಜನಿಗೆ ಸಮಾಧಾನವಾಯಿತು. ಇಡೀ ಹೋಟೆಲಿಗೆ ಕೇಳುವಂತೆ ಮೊಮ್ಮಗಳಿಗೆ ಪಾಠ ಶುರುವಾಯಿತು: ‘ಇವರು ನಮಗೆ ಇದನ್ನು ಕೊಟ್ಟರು. ನಾವು ಅವರಿಗೆ ಏನು ಕೊಟ್ಟೆವು ಗೊತ್ತೆ? ಕಮ್ಯುನಿಸ್ಟ್ ಪಾರ್ಟಿ!’

ಬಡಾಯಿಯಲ್ಲ. ಇದೇ ಇಪ್ಪತ್ತನಾಲ್ಕು ಪರಗಣದ ಅರ್ಬೇಲಿಯಾದಲ್ಲಿ 1887ರಲ್ಲಿ ಹುಟ್ಟಿದ ನರೇಂದ್ರನಾಥ ಭಟ್ಟಾಚಾರ್ಯ ಬ್ರಿಟಿಷರ ಕಣ್ಣು ತಪ್ಪಿಸಿ ಊರೂರು ಅಲೆದು, ಅಮೆರಿಕದಲ್ಲಿ ಎಂ. ಎನ್. ರಾಯ್ ಎಂದು ಹೆಸರು ಬದಲಿಸಿಕೊಂಡು 1917ರಲ್ಲಿ ಮೆಕ್ಸಿಕೋ ಸೇರಿದರು. 1919ರಲ್ಲಿ ಅಲ್ಲಿಯ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಅವರೂ ಒಬ್ಬರು. ಮೊಮ್ಮಗಳು ಮೇಜಿನಡಿಯಲ್ಲಿ ಮೊಬೈಲು ತಡಕಿ, ‘ದಾದೂ, ಅವರಿದ್ದ ಮನೆಯಲ್ಲಿ ಅವರದೇ ಹೆಸರಿನ ನೈಟ್‌ಕ್ಲಬ್ ಮಾಡಿದ್ದರಂತೆ’ ಎಂದಳು. ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬುರೀಟೋಗೆ ಕಾಸುಂದಿ ಕೇಳಿದರು.

ಮೆಕ್ಸಿಕೋದವನೊಬ್ಬ ಅಲ್ಲಿದ್ದರೆ ಈ ಸಾಸಿವೆ ಗೊಜ್ಜಿನ ಬಾಟಲಿ ಕಂಡು ಎದೆ ಒಡೆದುಕೊಳ್ಳುತ್ತಿದ್ದನೋ ಏನೋ. ಆದರೆ ಅವನ ಊರಿನ ಮೆಣಸಿನಕಾಯಿಯನ್ನು ಪೋರ್ಚುಗೀಸರು ಹಡಗಿನಲ್ಲಿ ತಂದಾಗ ನಾವು ಯಾರ ಒಪ್ಪಿಗೆ ಕೇಳಿದ್ದೆವು? ಬ್ಯಾಡಗಿ ಮೆಣಸಿನಕಾಯಿಯ ಮುತ್ತಜ್ಜಿಯ ತವರು ಮೆಕ್ಸಿಕೋ. ಪರಂಗಿ, ಸಪೋಟಗಳೂ ಆ ಕಡೆಯವೇ. ಅವನ್ನು ಸಾರಿಗೆ, ಪಲ್ಯಕ್ಕೆ, ಹಿತ್ತಿಲಿಗೆ ಹೊಂದಿಸಿಕೊಂಡು ನಮ್ಮವೇ ಎಂದು ಜಗಳಕ್ಕೂ ನಿಲ್ಲುತ್ತೇವೆ. ಅಸಲಿ ರುಚಿ ಹಾಳಾಯಿತೆಂದು ಕೊರಗುವವರ ಪಂಗಡದಲ್ಲಿ ನಾನಿಲ್ಲ. ಟಾಂಗ್ರಾದ ಕೈ, ಗೋಸಾಬಾದ ಮಾತು, ಮೈದಾ ಹಾಳೆ, ಕಾಸುಂದಿ ಎಲ್ಲ ಸೇರಿ ತಟ್ಟೆಗೆ ಬರುವುದು ಡಮ್ ಡಮ್‌ನ ಅಡುಗೆ, ಮತ್ತು ಅದು ರುಚಿಯಾಗಿಯೇ ಇರುತ್ತದೆ.

ನೀವು ಆ ಕಡೆ ಹೋದರೆ ಟ್ಯಾಕೋ ಜೊತೆಗೆ ಕಾಸುಂದಿ ಕೇಳಿ ನೋಡಿ. ಮೆನುವಿನಲ್ಲಿಲ್ಲ, ಆದರೆ ಕೊಡುತ್ತಾರೆ. ಅದಕ್ಕೆ ದುಡ್ಡು ಹಿಡಿಯುವುದಿಲ್ಲ.