ಹೆಪ್ಪು ಹಾಕಿದ ನೀರು

ಮುಲುಂಡ್ ಪಶ್ಚಿಮದ ಆ ಗ್ರೌಂಡ್ ಫ್ಲೋರ್ ಮನೆಗೆ ಐದು ಕೊಯ್ ಮೀನುಗಳು ಬಂದದ್ದು ಶೋಕಿಗಾಗಿ ಅಲ್ಲ. ಹೋಟೆಲು ಮುಚ್ಚಿತು, ಅದಕ್ಕೆ. ಮನೆಯ ಯಜಮಾನರು ಕುಂದಾಪುರದ ಕಡೆಯಿಂದ ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು, ಲೋಟ ತೊಳೆಯುವುದರಿಂದ ಶುರುಮಾಡಿ, ಕೊನೆಯ ಇಪ್ಪತ್ತು ವರ್ಷ ಗಲ್ಲೆಯ ಮೇಲೆ ಕೂತವರು. ಗಲ್ಲೆಯ ಪಕ್ಕದಲ್ಲೇ ಒಂದು ಸಿಮೆಂಟಿನ ತೊಟ್ಟಿ, ಅದರಲ್ಲಿ ಈ ಮೀನುಗಳು. ಧಣಿಗಳು ಜಾಗ ಮಾರಿದಾಗ ಮೇಜು ಕುರ್ಚಿಗೆ ಗಿರಾಕಿ ಸಿಕ್ಕರು, ಗ್ರೈಂಡರಿಗೂ ಸಿಕ್ಕರು. ಒಂದೂವರೆ ಅಡಿ ಬೆಳೆದಿದ್ದ ಮೀನುಗಳನ್ನು ಯಾರೂ ಕೇಳಲಿಲ್ಲ. ಇಷ್ಟು ವರ್ಷ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಅವಕ್ಕೆ ತಿಂಡಿ ಹಾಕುತ್ತಿದ್ದವರು ತಾನೇ ಮನೆಗೆ ತಂದರು.

ಮಗಳು ಆರಡಿ ಉದ್ದ, ಎರಡೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ಟ್ಯಾಂಕ್ ಮಾಡಿಸಿದಳು. ತುಂಬಿದರೆ ಸಾವಿರ ಲೀಟರ್, ಎಂದರೆ ನೀರಿನದೇ ಒಂದು ಟನ್ ತೂಕ. ಮೇಲಿನ ಮಹಡಿಯಾಗಿದ್ದರೆ ಸೊಸೈಟಿಯವರು ಬಿಡುತ್ತಲೇ ಇರಲಿಲ್ಲ. ಫಿಲ್ಟರ್ ಕೊಡುವಾಗ ಅಂಗಡಿಯವ ಡಬ್ಬಿಯ ಮೇಲೆ ಬರೆದದ್ದನ್ನು ತೋರಿಸಿದ: ‘1000 ಲೀಟರಿಗೆ’. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಸದ್ದಿಲ್ಲದೆ ಕೂರುವ ಕ್ಯಾನಿಸ್ಟರ್ ಅದು. ನೀರು ಕನ್ನಡಿಯಂತಾಯಿತು. ಮೂರನೇ ವಾರ, ಆ ಕನ್ನಡಿಯಂಥ ನೀರಿನಲ್ಲೇ ಬಿಳಿ ಮೈಯ ಮೇಲೆ ಕೆಂಪು ಮಚ್ಚೆಗಳ ದೊಡ್ಡ ಮೀನು ಬಾಯಿ ಮೇಲಕ್ಕೆತ್ತಿ ಏದುಸಿರು ಬಿಡುತ್ತ ಸತ್ತುಹೋಯಿತು.

ತಪ್ಪು ಅರ್ಧ ಡಬ್ಬಿಯದು, ಇನ್ನರ್ಧ ‘ಫಿಲ್ಟರ್’ ಎಂಬ ಮಾತಿನದು. ಕೇಳಿದ ಕೂಡಲೇ ಕಾಫಿ ನೆನಪಾಗುತ್ತದೆ, ಚಹಾ ಸೋಸುವ ಜಾಲರಿ ನೆನಪಾಗುತ್ತದೆ. ಕಸ ಹಿಡಿದರೆ ಕೆಲಸ ಮುಗಿಯಿತು ಎನಿಸುತ್ತದೆ. ಮೀನನ್ನು ಕೊಂದದ್ದು ಕಣ್ಣಿಗೆ ಕಾಣುವ ಕಸವಲ್ಲ, ಅದರ ಕಿವಿರಿನಿಂದಲೇ ಹೊರಬೀಳುವ ಅಮೋನಿಯಾ. ಲೆಕ್ಕ ಕಷ್ಟದ್ದೇನಲ್ಲ. ಪ್ರೋಟೀನು ನೂರಕ್ಕೆ ನಲವತ್ತರಷ್ಟಿರುವ ಆಹಾರವನ್ನು ದಿನಕ್ಕೆ 40 ಗ್ರಾಂ ಹಾಕಿದರೆ ಅದರಿಂದ ಸುಮಾರು ಒಂದೂವರೆ ಗ್ರಾಂ ಅಮೋನಿಯಾ ಸಾರಜನಕ ನೀರಿಗೆ ಸೇರುತ್ತದೆ. ಸಾವಿರ ಲೀಟರಿನಲ್ಲಿ ಅದು ಲೀಟರಿಗೆ ಒಂದೂವರೆ ಮಿಲಿಗ್ರಾಂ, ನಾಳೆ ಮೂರು, ನಾಡಿದ್ದು ನಾಲ್ಕೂವರೆ. ಡಬ್ಬಿಯ ಮೇಲಿನ ಅಂಕಿ ಬೆರಳುದ್ದದ ಮೀನುಗಳನ್ನು ನೆನೆದು ಬರೆದದ್ದು. ಅದು ನೀರನ್ನು ಅಳೆಯುತ್ತದೆ, ಹೊಟ್ಟೆಗಳನ್ನಲ್ಲ.

ಈ ವಿಷವನ್ನು ತೆಗೆಯುವವು ಬ್ಯಾಕ್ಟೀರಿಯಾಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ, ಅದನ್ನು ಮೀನು ಸಾಕಷ್ಟು ತಾಳಿಕೊಳ್ಳುತ್ತದೆ. ಫಿಲ್ಟರ್ ಎಂದರೆ ಇವಕ್ಕೆ ಅಂಟಿಕೊಂಡಿರಲು ಜಾಗ, ಉಸಿರಾಡಲು ಗಾಳಿ, ಅಷ್ಟೆ. ಮಗಳು ಇದನ್ನು ಓದಿ ಹೇಳಿದಾಗ ತಂದೆಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಲವತ್ತು ವರ್ಷ ಇಡ್ಲಿ ಹಿಟ್ಟು ಉಬ್ಬುವುದನ್ನು ನೋಡಿದವರು ಅವರು.

“ಹಿಟ್ಟಿಗೆ ಹುಳಿ ಬಪ್ಪುಕೆ ಒಂದ್ ರಾತ್ರಿ ಸಾಕ್. ಇದಕ್ಕೆ ಎಷ್ಟ್ ದಿನ ಮಗಾ?”

“ಒಂದೂವರೆ ತಿಂಗಳು ಅಪ್ಪಯ್ಯ.”

ಮೊಸರಿನ ಬ್ಯಾಕ್ಟೀರಿಯಾ ಹದ ಸಿಕ್ಕರೆ ಗಂಟೆಯೊಳಗೆ ಎರಡರಷ್ಟಾಗುತ್ತದೆ. ಇವಕ್ಕೆ ಅರ್ಧ ದಿನವೋ, ಒಂದಿಡೀ ದಿನವೋ ಬೇಕು. ಮೂರನೇ ವಾರವೆಂದರೆ ಹಿಟ್ಟು ಇನ್ನೂ ಉಬ್ಬದ ಹೊತ್ತು.

ಮತ್ತೆ ಯಾವ ಫಿಲ್ಟರ್ ಎಂಬ ಚರ್ಚೆ ಶುರುವಾಯಿತು. ಕ್ಯಾನಿಸ್ಟರನ್ನು ತೊಳೆಯಬೇಕಾದರೆ ನೀರು ತುಂಬಿದ ಭಾರವನ್ನು ಕಪಾಟಿನಿಂದ ಎಳೆದು ಎತ್ತಬೇಕು. ಅರವತ್ತೆಂಟರ ಬೆನ್ನಿಗೆ ಅದು ಆಗದ ಕೆಲಸ, ಮಗಳು ಮನೆಗೆ ಬರುವಾಗ ರಾತ್ರಿ ಒಂಬತ್ತು. ಅದಕ್ಕಿಂತ ದೊಡ್ಡ ತೊಂದರೆ ಕರೆಂಟು ಹೋದಾಗ. ಮುಚ್ಚಿದ ಡಬ್ಬಿಯೊಳಗೆ ನೀರು ನಿಂತರೆ ಬ್ಯಾಕ್ಟೀರಿಯಾಗಳು ಇದ್ದ ಆಮ್ಲಜನಕವನ್ನೆಲ್ಲ ತಿಂದು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತವೆ. ಪಂಪ್ ಮತ್ತೆ ಓಡಿದಾಗ ಆ ಹೊಲಸೆಲ್ಲ ಟ್ಯಾಂಕಿಗೇ ಬರುತ್ತದೆ. ಮುಂಬಯಿಯಲ್ಲಿ ಕರೆಂಟು ಹೋಗುವುದೇ ಇಲ್ಲ ಎಂದು ಹೆಮ್ಮೆಪಡುವವರಿದ್ದಾರೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ಶಹರವೇ ನಿಂತು, ಲೋಕಲ್ ರೈಲುಗಳು ನಡುದಾರಿಯಲ್ಲಿ ಉಳಿದದ್ದನ್ನು ಅವರು ಮರೆತಿರುತ್ತಾರೆ.

ತಟ್ಟೆಯಿಂದ ತಟ್ಟೆಗೆ ನೀರು ಸುರಿಯುವ ಜಪಾನಿನ ಬಕ್ಕಿ ಶವರ್ ಸೆಕೆಯ ಊರಿಗೆ ಒಳ್ಳೆಯದೇ. ಕೊಯ್ ಮೂಲತಃ ಜಪಾನಿನ ನೀಗಾತಾದ ಗುಡ್ಡಗಾಡಿನದು. ಅಲ್ಲಿನ ಭತ್ತದ ರೈತರು ಸಾಕಿದ್ದ ಕಾರ್ಪ್ ಮೀನಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಬಣ್ಣ ಹುಟ್ಟಿಸಿದರು. ಹಿಮ ಬೀಳುವ ಸೀಮೆಯದು ಇದು. 10 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿಸಿದರೆ, ಮುಂಬಯಿಯ ಮೇ ತಿಂಗಳ 30 ಡಿಗ್ರಿಯಲ್ಲಿ ಹಿಡಿಸುವುದು ಏಳೂವರೆ. ಸುರಿಯುವ ನೀರು ಗಾಳಿ ತುಂಬುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ಮೊದಲೇ ಬೆವರುವ ಗೋಡೆಗಳಿಗೆ ಈ ತೇವವೂ ಸೇರಿದರೆ ಬೂಷ್ಟಿಗೆ ಹಬ್ಬ. ಡ್ರಮ್ ಫಿಲ್ಟರ್ ಎಂಬುದು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಅದರ ಬೆಲೆ ಕೇಳಿ ತಂದೆ ನಕ್ಕುಬಿಟ್ಟರು.

ಕೊನೆಗೆ ಗೆದ್ದದ್ದು ಮೋರಿ. ಕನ್ನಡದಲ್ಲಿ ಮೋರಿಯೆಂದರೆ ಚರಂಡಿ, ಮೂಗು ಮುಚ್ಚಿಕೊಳ್ಳುವ ಜಾಗ. ಮುಂಬಯಿಯ ಹಳೆಯ ಮನೆಗಳಲ್ಲಿ ಅದು ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಕಟ್ಟೆ. ಇಳಿಜಾರು, ನೀರು ಹೋಗುವ ತೂತು, ಎಲ್ಲ ಅಲ್ಲೇ ಇದೆ. ಟ್ಯಾಂಕು ಅಡುಗೆಮನೆಯ ಗೋಡೆಗೆ ಸರಿಯಿತು. ಮೋರಿಯ ಪಕ್ಕದಲ್ಲಿ ಎರಡು ನೀಲಿ ಪೀಪಾಯಿಗಳು ಬಂದವು. ಟ್ಯಾಂಕಿನಿಂದ ತುಳುಕಿದ ನೀರು ಪೈಪಿನಲ್ಲಿ ಇಳಿದು ಮೊದಲನೆಯದರಲ್ಲಿ ನಿಧಾನವಾಗುತ್ತದೆ, ಹೇಲು ತಳ ಸೇರುತ್ತದೆ. ಎರಡನೆಯದರಲ್ಲಿ ಸಣ್ಣ ಪ್ಲಾಸ್ಟಿಕ್ ಗಾಲಿಗಳು ಗಾಳಿಯ ಗುಳ್ಳೆಗೆ ಸದಾ ಕುಣಿಯುತ್ತಿರುತ್ತವೆ. ನಾರ್ವೆಯವರು 1980ರ ದಶಕದ ಕೊನೆಗೆ ಚರಂಡಿ ನೀರು ಶುದ್ಧಿಗೆಂದು ಕಂಡುಹಿಡಿದದ್ದು ಇದು. 50 ಲೀಟರ್ ಗಾಲಿಗಳ ಒಳಮೈ 25 ಚದರ ಮೀಟರ್, ಆ ಮನೆಯ ಹಾಲ್ ಮತ್ತು ಅಡುಗೆಮನೆ ಸೇರಿಸಿದಷ್ಟು. ಅಲ್ಲಿಂದ 60 ವಾಟಿನ ಪಂಪ್ ನೀರನ್ನು ಹಿಂದಕ್ಕೆ ಎತ್ತುತ್ತದೆ, ತಿಂಗಳಿಗೆ 43 ಯೂನಿಟ್. ಕರೆಂಟು ಹೋದರೆ ಗಾಳಿಯ ಪಂಪ್ ಬ್ಯಾಟರಿಯ ಮೇಲೆ ಓಡುತ್ತದೆ. ತೊಳೆಯುವುದೆಂದರೆ ಮೊದಲ ಪೀಪಾಯಿಯ ಬುಡದ ವಾಲ್ವನ್ನು ಒಂದು ಕೈಯಲ್ಲಿ ತಿರುಗಿಸುವುದು. ಕಂದು ನೀರು ಮೋರಿಗೆ, ಅಷ್ಟೆ. ಸದ್ದಿದೆ. ಗ್ರೈಂಡರಿನ ಪಕ್ಕದಲ್ಲಿ ಮಲಗಿ ಬೆಳೆದವರಿಗೆ ಅದು ಸದ್ದೇ ಅಲ್ಲ.

ಹೆಪ್ಪು ಡೊಂಬಿವಲಿಯಿಂದ ಬಂತು. ಮಗಳ ಸಹೋದ್ಯೋಗಿಯ ಮನೆಯ ಹಳೆಯ ಟ್ಯಾಂಕಿನ ಸ್ಪಂಜು, ಸ್ಟೀಲ್ ಡಬ್ಬಿಯಲ್ಲಿ, ಒದ್ದೆಯಾಗಿ, ಮುಚ್ಚಳ ಸಡಿಲಿಸಿ, ಸ್ಲೋ ಲೋಕಲ್‌ನಲ್ಲಿ. ಮುಂದಿನ ವಾರಗಳಲ್ಲಿ ದಿನಾ ಕಾಲುಭಾಗ ನೀರು ಬದಲಿಸಬೇಕು. ನಲ್ಲಿಯ ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ಹೆಪ್ಪನ್ನೂ ಕೊಲ್ಲುತ್ತದೆ. ಅದಕ್ಕೆ ಹಿಂದೆ ಫೋಟೊ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಹೈಪೋ. ಘಟ್ಟದ ಬುಡದ ಕೆರೆಗಳಿಂದ ಬರುವ ಮುಂಬಯಿಯ ನೀರು ಬಹಳ ಮೆದು. ಬ್ಯಾಕ್ಟೀರಿಯಾಗಳು ಅದರ ಕ್ಷಾರವನ್ನು ತಿಂದು ಮುಗಿಸುತ್ತವೆ, ಹತ್ತು ಗ್ರಾಂ ಆಹಾರಕ್ಕೆ ಸುಮಾರು ನಾಲ್ಕು ಗ್ರಾಂ ಅಡಿಗೆ ಸೋಡಾದಷ್ಟು. ಸೋಡಾದ ಅಳತೆ ತಂದೆಯ ಬೆರಳಿಗೇ ಗೊತ್ತಿತ್ತು. ಗೊತ್ತಿಲ್ಲದ್ದು ತಿಂಡಿ ಹಾಕದೆ ಇರುವುದು. ಹಸಿವಾಗಿ ಬಂದವರನ್ನು ಹಾಗೇ ಕಳಿಸಿ ಅಭ್ಯಾಸವಿಲ್ಲದ ಮನುಷ್ಯ, ಗಾಜಿಗೆ ಬಾಯಿಟ್ಟು ಕೇಳುವ ನಾಲ್ಕು ಮೀನುಗಳ ಎದುರು ದಿನಗಟ್ಟಲೆ ಸುಮ್ಮನೆ ಕೂತರು. ಒಮ್ಮೆ ಕದ್ದು ಒಂದು ಹಿಡಿ ಹಾಕಿದ್ದು ಮರುದಿನ ಪರೀಕ್ಷೆಯ ಕೊಳವೆಯಲ್ಲಿ ಹಸಿರಾಗಿ ಸಿಕ್ಕಿಬಿತ್ತು.

ಇಷ್ಟಾದರೂ ಫಿಲ್ಟರು ಮಾಡಲಾರದ ಒಂದು ಕೆಲಸವಿದೆ, ಅದು ನೀರನ್ನು ಹುಟ್ಟಿಸಲಾರದು. ದೊಡ್ಡ ಕೊಯ್‌ಗೆ ತಲಾ ಸಾವಿರ ಲೀಟರ್ ಬೇಕು ಎನ್ನುತ್ತಾರೆ ಸಾಕುವವರು. ಇಲ್ಲಿ ನಾಲ್ಕಕ್ಕೆ ಸಾವಿರ. ಮಗಳು ಇದನ್ನು ಹೇಳಲು ಎರಡು ವಾರ ಹಿಂಜರಿದಳು. ತಂದೆಯೇ ಒಂದು ಭಾನುವಾರ, ಕರ್ಜತ್‌ನಲ್ಲಿ ಹೊಂಡ ಇರುವ ಹಳೆಯ ಗಿರಾಕಿಯೊಬ್ಬರಿಗೆ ಫೋನ್ ಮಾಡಿದರು. ಚಂದದವೆರಡನ್ನು ಕೊಟ್ಟು ಕಳಿಸಿದರು. “ಅಲ್ಲ್ ನಾಕ್ ಜನ ಕಾಂತ್ರ್” ಎಂದರು. ಉಳಿದವು ಬಣ್ಣ ಮಾಸಿದ ಒಂದು, ಒಂದು ಕಣ್ಣು ಮಂಜಾದ ಇನ್ನೊಂದು.

ಮೂವತ್ತೆಂಟನೇ ದಿನ ಅಮೋನಿಯಾದ ಕೊಳವೆ ಹಳದಿಯಾಗಿಯೇ ಉಳಿಯಿತು, ನೈಟ್ರೈಟಿನದು ತಿಳಿನೀಲಿಯಾಗಿ. ಎರಡೂ ಸೊನ್ನೆ. ಮರುದಿನ ಬೆಳಗಿನ ಐದಕ್ಕೆ, ಹೋಟೆಲಿನ ಶಟರ್ ಏಳುತ್ತಿದ್ದ ಹೊತ್ತಿಗೆ, ಅವರು ಎದ್ದು ಮೋರಿಯ ವಾಲ್ವ್ ತಿರುಗಿಸಿ, ಕಂದು ನೀರು ಇಳಿಯುವುದನ್ನು ನೋಡಿ, ಕೈ ತೊಳೆದುಕೊಂಡು, ಹತ್ತು ಗ್ರಾಂ ತೂಗಿ ಹಾಕಿದರು.