ಮೇಷ್ಟರು ಮಾತು ಬಿಟ್ಟ ವಾರ

ತಿಪಟೂರಿನ ಹತ್ತಿರದ ಹಳ್ಳಿಯೊಂದರ ಮೇಷ್ಟರು ಅವರು. ಮಾತೇ ಬಂಡವಾಳ. ದೊಡ್ಡ ಕರುಳಿನ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಮೊದಲ ಸುತ್ತಿನ ಕಿಮೊಥೆರಪಿ ಮುಗಿಸಿ ಬಂದ ವಾರಕ್ಕೆ ಮನೆಯಲ್ಲಿ ಅವರ ದನಿಯೇ ಅಡಗಿತು. ಕರೆದರೆ ಕೈಸನ್ನೆ. ತಟ್ಟೆಯ ಮುದ್ದೆ ಹಾಗೇ ಉಳಿಯುತ್ತಿತ್ತು. ಕಾಯಿಲೆ ಮನಸ್ಸಿಗೂ ಹತ್ತಿತೆಂದು ಹೆಂಡತಿ ಒಳಗೊಳಗೇ ಅತ್ತರು.

ಪಿ.ಯು.ಸಿ. ಓದುವ ಮಗಳು ಒಂದು ಬೆಳಿಗ್ಗೆ ಟಾರ್ಚು ಹಿಡಿದು, "ಅಪ್ಪಾ, ಬಾಯಿ ತೆಗಿ ನೋಡೋಣ" ಎಂದಳು. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಕೆಂಪಗೆ ಸುಲಿದ ಹುಣ್ಣುಗಳು. "ಉಷ್ಣ ಕಣೇ" ಎಂದು ತಾಯಿ ಮಜ್ಜಿಗೆ ತಂದರು. ಒಂದು ಗುಟುಕಿಗೇ ಮೇಷ್ಟರ ಕಣ್ಣು ತುಂಬಿತು. ಹುಳಿ ತಾಗಿತ್ತು.

ಅದು ಉಷ್ಣವಲ್ಲ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುವುದೇ ಈ ಔಷಧಿಗಳ ಕೆಲಸ. ಬಾಯಿಯ ಒಳಪೊರೆಯೂ ಒಂದೆರಡು ವಾರದಲ್ಲಿ ಹೊಸದಾಗುವಂಥದು. ಅದಕ್ಕೂ ಪೆಟ್ಟು ಬೀಳುತ್ತದೆ.

ಮೇಷ್ಟರು ಬಾಯಿ ಬಿಡದಿದ್ದುದೇಕೆ? ಹೇಳಿದರೆ ಚಿಕಿತ್ಸೆ ನಿಂತೀತೆಂಬ ಭಯ. ಮಗಳ ಪರೀಕ್ಷೆ ಬೇರೆ ಹತ್ತಿರವಿತ್ತು. ತಿಳಿಯದ್ದನ್ನು ಕೈಯೆತ್ತಿ ಕೇಳಿ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದವರು!

ಆಸ್ಪತ್ರೆಯಲ್ಲಿ ವೈದ್ಯರು ಬಾಯಲ್ಲಿ ಬೂಷ್ಟಿನ ಬಿಳಿ ಪೊರೆ ಇದೆಯೇ ಎಂದು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಬಿಳಿರಕ್ತಕಣ ತಗ್ಗಿದಾಗ ಹುಣ್ಣೇ ಸೋಂಕಿಗೆ ಬಾಗಿಲು, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಬರಬೇಕೆಂದರು. ಊಟಕ್ಕೆ ಮುಂಚೆ ಹಚ್ಚಲು ನೋವು ಮರೆಸುವ ಜೆಲ್ ಕೊಟ್ಟರು. ಚಿಕಿತ್ಸೆ ನಿಲ್ಲಿಸಲಿಲ್ಲ, ಔಷಧಿಯ ಪ್ರಮಾಣವನ್ನು ತುಸು ಇಳಿಸಿದರು, ಅಷ್ಟೆ.

ಮನೆಯಲ್ಲಿ ಮೆತ್ತನೆಯ ಬ್ರಷ್ ಬಂತು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಿಗೆ ಸೋಡಾ. ಎರಡು-ಮೂರು ಗಂಟೆಗೊಮ್ಮೆ ಮುಕ್ಕಳಿಸಬೇಕು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಖಾರದ ಸಾರಿನ ಬದಲು ಆರಿದ ರಾಗಿ ಗಂಜಿ, ಹಾಲನ್ನ. ಎಲೆಅಡಿಕೆ ಬಿಡಿಸುವುದು ಮಾತ್ರ ದೊಡ್ಡ ಯುದ್ಧವಾಯಿತು.

ಮುಂದಿನ ಸುತ್ತಿನಲ್ಲಿ, ಫ್ಲೋರೊಯುರಾಸಿಲ್ ಚುಚ್ಚುವುದಕ್ಕೆ ಐದು ನಿಮಿಷ ಮುಂಚಿನಿಂದ ಅರ್ಧ ಗಂಟೆ ಬಾಯಲ್ಲಿ ಮಂಜುಗಡ್ಡೆಯ ಚೂರು ಇಟ್ಟುಕೊಂಡರು. ತಂಪಿಗೆ ರಕ್ತನಾಳಗಳು ಕುಗ್ಗಿ ಬಾಯಿಗೆ ಔಷಧಿ ಕಡಿಮೆ ತಲುಪುತ್ತದೆ. ಇದು ಎಲ್ಲ ಔಷಧಿಗೂ ಸಲ್ಲದು. ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ತಣ್ಣನೆಯದೇ ತೊಂದರೆ. ವೈದ್ಯರನ್ನು ಕೇಳದೆ ಮಾಡುವಂತಿಲ್ಲ.

ಹುಣ್ಣು ಆಮೇಲೂ ಬಂತು, ಎರಡೇ. ಮಗಳ ಟಾರ್ಚಿಗೆ ಮೇಷ್ಟರು ದಿನವೂ ಬಾಯಿ ತೆರೆದರು. ಹತ್ತನೆಯ ದಿನ ಲೆಕ್ಕ ತಪ್ಪು ಮಾಡಿದ್ದಕ್ಕೆ ಅವಳನ್ನು ಗಟ್ಟಿಯಾಗಿ ಗದರಿದಾಗ, ಅಡಿಗೆಮನೆಯಲ್ಲಿದ್ದ ತಾಯಿ ನಕ್ಕುಬಿಟ್ಟರು.