ಕೂಗಳತೆಯಲ್ಲೊಂದು ಮನೆ

ಮನೆ ಮಾರಿಸುವವರ ಭಾಷೆಯೇ ಬೇರೆ. ಅವರ ಬಾಯಲ್ಲಿ ಯಾವ ಫ್ಲಾಟೂ ಚಿಕ್ಕದಲ್ಲ, 'ಅಚ್ಚುಕಟ್ಟು'. ಯಾವ ಕೋಣೆಯೂ ಕತ್ತಲೆಯಲ್ಲ, 'ತಂಪು'. ಗಿಜಿಗುಡುವ ರಸ್ತೆಗೆ 'ಎಲ್ಲಾ ಅನುಕೂಲಕ್ಕೂ ಹತ್ತಿರ' ಎನ್ನುತ್ತಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಫ್ಲಾಟು ಹುಡುಕಲು ಹೊರಟ ಮೇಲೆ ಈ ನಿಘಂಟು ನನಗೆ ಬಾಯಿಪಾಠವಾಯಿತು. ಅದರಲ್ಲಿ ಕೊನೆಯ ಮಾತೊಂದು ಮಾತ್ರ ಪೂರ್ತಿ ಸುಳ್ಳಲ್ಲ ಅನ್ನುವುದೂ ತಿಳಿಯಿತು.

ಊರ ಹೊರಗಿನ ಬಡಾವಣೆಯಲ್ಲಿ ನಮಗೊಂದು ಸ್ವಂತ ಮನೆ ಇದೆ. ಮುಂದೆ ನಂದಬಟ್ಟಲು, ಹಿಂದೆ ಎರಡು ತೆಂಗು. ಕೊರತೆ ಏನೂ ಇಲ್ಲ. ಆದರೆ ಒಂದು ಕಟ್ಟು ಕೊತ್ತಂಬರಿ ಬೇಕೆಂದರೂ ಯಾರಾದರೂ ಗಾಡಿ ತೆಗೆಯಬೇಕು. ನಮ್ಮವರ ಮಂಡಿ ಆಪರೇಷನ್ ಆದ ಮೇಲೆ ಸ್ಕೂಟರು ಮೂಲೆ ಸೇರಿತು. ಅಂದಿನಿಂದ ಮಗನಿಗೆ ಬಿಡುವಾದ ದಿನವೇ ನನಗೆ ಪೇಟೆ. "ಅಮ್ಮಾ, ಏನೇನು ಬೇಕೋ ಒಂದೇ ಸಲ ಪಟ್ಟಿ ಬರೆದುಬಿಡು" ಅನ್ನುತ್ತಾನೆ. ಪಾಪ, ತಪ್ಪೇನಿಲ್ಲ. ಆದರೆ ಹೂವಿನವಳ ಹತ್ತಿರ ಎರಡು ಮಾತು, ಹಳೆಯ ಗೆಳತಿ ಎದುರಾಗುವುದು, ಸುಮ್ಮನೆ ಬಳೆ ಅಂಗಡಿಯ ಮುಂದೆ ನಿಲ್ಲುವುದು, ಇದನ್ನೆಲ್ಲ ಯಾವ ಪಟ್ಟಿಯಲ್ಲಿ ಬರೆಯಲಿ?

ನಾವು ನೋಡಿದ ಫ್ಲಾಟು ಮೂರನೇ ಮಹಡಿಯಲ್ಲಿತ್ತು. ಎರಡು ಮಲಗುವ ಕೋಣೆ, ಥಳಥಳಿಸುವ ಅಡುಗೆಮನೆ. "ಸಾವಿರದ ಇನ್ನೂರು ಚದರಡಿ ಮೇಡಂ" ಅಂದ ಬ್ರೋಕರ್. "ಗೋಡೆಯೊಳಗೆ ಎಷ್ಟಪ್ಪಾ?" ಎಂದೆ. ಲಿಫ್ಟು, ಮೆಟ್ಟಿಲು, ಓಣಿಯ ಪಾಲನ್ನೂ ಸೇರಿಸಿ ಲೆಕ್ಕ ಹೇಳುವುದು ಇವರ ರೂಢಿ. ನಾವು ಓಡಾಡುವ ನೆಲಕ್ಕೆ ಕಾರ್ಪೆಟ್ ಏರಿಯಾ ಅನ್ನುತ್ತಾರೆ; ಅದೇನೆಂದು 2016ರ ರೇರಾ ಕಾನೂನೇ ಬಿಡಿಸಿ ಹೇಳಿದೆ. ಆತ ತಲೆ ಕೆರೆದುಕೊಂಡು ಎಂಟುನೂರ ಎಂಬತ್ತಕ್ಕೆ ಇಳಿದ. ಖಾತೆ, ಇ.ಸಿ., ಓ.ಸಿ., ನೆಲದಲ್ಲಿ ನಮಗೆ ಬರುವ ಪಾಲು ಎಲ್ಲವನ್ನೂ ಕೇಳಿ ಬರೆದುಕೊಂಡೆ. ನಮ್ಮವರು ಬಾಲ್ಕನಿಯಿಂದ ಕೆಳಗೆ ನೋಡಿ, "ಇದೇನು ಅಂತರಿಕ್ಷದಲ್ಲಿ ಸಂಸಾರವೇ?" ಅಂದರು.

ಅವರನ್ನು ಅಲ್ಲೇ ಕೂರಿಸಿ, ನಾನೊಬ್ಬಳೇ ಚೀಲ ಹಿಡಿದು ಕೆಳಗಿಳಿದೆ. ಸಂಪಿಗೆ ರಸ್ತೆ, ಎಂಟನೇ ಕ್ರಾಸು. ಹೂವು, ಬಾಳೆಲೆ, ಸೊಪ್ಪು, ಔಷಧಿ ಅಂಗಡಿ, ದರ್ಜಿ, ಬಿಸಿ ಇಡ್ಲಿಯ ವಾಸನೆ. ಸ್ವಲ್ಪ ದೂರದಲ್ಲೇ 17ನೆಯ ಶತಮಾನದ ಕಾಡು ಮಲ್ಲೇಶ್ವರನ ಗುಡಿ. ಈ ಬಡಾವಣೆ ಹಾಕಿದ್ದು 19ನೆಯ ಶತಮಾನದ ಕೊನೆಯಲ್ಲಿ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟು ಬಿಟ್ಟು ಎಷ್ಟೋ ಜನ ಇಲ್ಲಿಗೆ ಬಂದರು. ಮನೆಮನೆಗೆ ಕಾರಿಲ್ಲದ ಕಾಲದ ಲೆಕ್ಕಾಚಾರ ಅದು. ಅದಕ್ಕೇ ಇಲ್ಲಿನ ದೂರಗಳು ಮನುಷ್ಯರ ಕಾಲಿಗೆ ಹೊಂದುತ್ತವೆ. 2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೋ ಬಂತು, 2023ರಲ್ಲಿ ನಮಗೆ ಸರ್ಕಾರಿ ಬಸ್ಸು ಉಚಿತವಾಯಿತು. ಆದರೆ ಬಸ್‌ಸ್ಟಾಪಿನವರೆಗೆ ನಡೆಯಲಾಗದಿದ್ದರೆ ಉಚಿತವಿದ್ದು ಏನು ಪ್ರಯೋಜನ?

ಎಲ್ಲವೂ ಚೆನ್ನ ಎಂದರೆ ನಾನೂ ಬ್ರೋಕರ್ ಭಾಷೆ ಆಡಿದಂತಾದೀತು. ಹಾರ್ನಿನ ಗಲಾಟೆ ತಪ್ಪದು, ಫುಟ್‌ಪಾತಿನ ಮೇಲೆ ಬೈಕುಗಳು. ಇನ್ನೊಂದು ಮಾತು ಮನಸ್ಸಿಗೆ ಚುಚ್ಚಿತು. ನಾವು ನೋಡಿದ ಕಟ್ಟಡವೂ ಹೆಂಚಿನ ಹಳೆಯ ಮನೆಯೊಂದನ್ನು ಕೆಡವಿ ಕಟ್ಟಿದ್ದೇ. ಯಾವ ಮಲ್ಲೇಶ್ವರಕ್ಕೆ ಆಸೆಪಟ್ಟು ಬಂದೆನೋ ಅದರ ಒಂದು ಚೂರು ಹೋಗಿಯೇ ನನಗೆ ಜಾಗವಾಗಬೇಕು.

ಮನೆಗೆ ಬಂದ ಮೇಲೆ ನಮ್ಮವರು ಹಿತ್ತಲಿಗೆ ಹೋಗಿ ನಿಂತರು. "ತೆಂಗಿನ ಮರ?" ಎಂದರು, ಅಷ್ಟೇ. ನನಗೂ ಗಂಟಲು ಕಟ್ಟಿತು. ಆದರೂ ಹೇಳಿದೆ: "ಇಪ್ಪತ್ತೆಂಟು ವರ್ಷ ನಿಮ್ಮ ಮರದ ನೆರಳಲ್ಲಿ ಇದ್ದೆನಲ್ಲಾ. ಇನ್ನು ನನ್ನ ಕಾಲು ನಡೆಯುವಷ್ಟು ದಿನ ಅದು ನಡೆಯುವ ಕಡೆ ಇರೋಣ ರೀ." ಎರಡು ದಿನ ಮಾತಿಲ್ಲ. ಮೂರನೆಯ ದಿನ ಕಾಫಿ ಕುಡಿಯುತ್ತಾ, "ಅಲ್ಲಿ ಲಿಫ್ಟು ಕೆಟ್ಟರೆ ನನ್ನ ಮಂಡಿ ಗತಿ ಏನು? ಜನರೇಟರ್ ಇದೆಯೇ ಕೇಳು" ಅಂದರು. ಮನಸ್ಸಿನಲ್ಲಿ ಆಗಲೇ ಮೂರನೇ ಮಹಡಿಗೆ ಸಾಮಾನು ಸಾಗಿಸಿದ್ದಾರೆ ಎಂದು ನನಗೆ ಅರ್ಥವಾಯಿತು.

ನೀವೂ ಫ್ಲಾಟು ನೋಡಲು ಹೋದರೆ ಅಡುಗೆಮನೆಯ ಕಪಾಟು ಎಣಿಸುವ ಮೊದಲು ಅರ್ಧ ಗಂಟೆ ಕೆಳಗೆ ನಡೆದು ಬನ್ನಿ. ಸೊಪ್ಪು, ಡಾಕ್ಟರು, ಬಸ್‌ಸ್ಟಾಪು ಎಷ್ಟು ಹೆಜ್ಜೆ ದೂರ ನೋಡಿ. ರಾತ್ರಿ ಎಂಟಕ್ಕೆ ಇನ್ನೊಮ್ಮೆ ಹೋಗಿ, ಆ ಹೊತ್ತಿನಲ್ಲಿ ಹೆಂಗಸರು ಅವಸರವಿಲ್ಲದೆ ನಡೆಯುತ್ತಿದ್ದಾರೆಯೇ ಗಮನಿಸಿ. ಚದರಡಿಯ ಲೆಕ್ಕವನ್ನು ಬ್ರೋಕರ್ ಕೊಡುತ್ತಾನೆ. ಈ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.